ಮೈಲ್ಡೋ, ನಾರ್ಮಲ್ಲೋ, ಸೂಪರ್ರೋ?

ನಾನು ಕೆಲಸ ಮಾಡೋದು ನ್ಯೂಜೆರ್ಸಿಯಲ್ಲಿ, ನೆವಾರ್ಕ್ ಹತ್ತಿರದ ಒಂದು ಔಷಧಿ ಅಂಗಡಿಯಲ್ಲಿ. ಇಲ್ಲಿ ಔಷಧಿ ಅಂಗಡಿ ಅಂದರೆ ಬರೀ ಔಷಧಿ ಅಲ್ಲ. ಹಾಲು, ಸಾಕ್ಸು, ಗ್ರೀಟಿಂಗ್ ಕಾರ್ಡು, ಶಾಂಪೂ ಎಲ್ಲ ಸಿಗುತ್ತೆ. ನಮ್ಮ ಬಡಾವಣೆಯಲ್ಲಿ ಹೆಚ್ಚಿನವರು ಕಪ್ಪು ಜನ. ಹಾಗಾಗಿ ಶಾಂಪೂ ಪಕ್ಕದಲ್ಲಿ ರಿಲ್ಯಾಕ್ಸರುಗಳಿಗೇ ಅಂತ ಒಂದು ಶೆಲ್ಫ್ ಇದೆ. ಬಿಗಿ ಸುರುಳಿ ಕೂದಲನ್ನು ನೇರ ಮಾಡುವ ಕ್ರೀಮು ಅದು. ಬೆಂಗಳೂರಿನ ಪಾರ್ಲರುಗಳಲ್ಲಿ ಸ್ಮೂದನಿಂಗ್, ರೀಬಾಂಡಿಂಗ್ ಅಂತಾರಲ್ಲ, ಅವುಗಳ ದೊಡ್ಡಕ್ಕ ಅಂದುಕೊಳ್ಳಿ. ರಾಸಾಯನಿಕ ಬೇರೆ, ಆಸೆ ಒಂದೇ. ಡಬ್ಬಿಗಳ ಮೇಲೆ ಮೂರರಲ್ಲಿ ಒಂದು ಪದ ಇರುತ್ತೆ: ಮೈಲ್ಡ್, ನಾರ್ಮಲ್, ಸೂಪರ್.

ಕೆಲಸಕ್ಕೆ ಸೇರಿದ ಹೊಸತು. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ಎರಡು ಡಬ್ಬಿ ಹಿಡಿದುಕೊಂಡು ಕೌಂಟರಿಗೆ ಬಂದಳು. ಸೋಮವಾರ ಇಂಟರ್‌ವ್ಯೂ ಇದೆ, ಇವೆರಡರಲ್ಲಿ ನನ್ನ ಕೂದಲಿಗೆ ಯಾವುದು ಸರಿ ಅಂತ ಕೇಳಿದಳು. ನಾನು ಏನು ಹೇಳಬೇಕಿತ್ತು ಅಂತ ನನಗೆ ಗೊತ್ತಿತ್ತು. ಹೇಳಿದ್ದು ಮಾತ್ರ ಬೇರೆ. "ನಿನ್ನ ಕೂದಲು ಹೀಗೇ ಎಷ್ಟು ಚೆನ್ನಾಗಿದೆ, ಯಾಕೆ ಇದನ್ನೆಲ್ಲ ಹಚ್ಚಿಕೊಳ್ತೀಯ?" ಅಂದೆ. ಅವಳು ನನ್ನ ಮುಖ ನೋಡಲಿಲ್ಲ, ಸೊಂಟದ ತನಕ ಇಳಿಬಿದ್ದ ನನ್ನ ಜಡೆ ನೋಡಿದಳು. "ನಿಮಗೆ ಹೇಳೋದು ಸುಲಭ" ಅಂದು ಸೂಪರ್ ತೆಗೆದುಕೊಂಡು ಹೋದಳು.

ಬುಧವಾರ ಸುಟ್ಟ ಗಾಯದ ಮುಲಾಮು ಕೇಳಿಕೊಂಡು ಬಂದಳು. ಕಿವಿಯ ಹಿಂದೆ, ಹಣೆಯ ಅಂಚಿನಲ್ಲಿ ಹಕ್ಕಳೆ ಕಟ್ಟಿತ್ತು. ನನ್ನ ಮೇಲೆ ಅವಳಿಗೆ ಸಿಟ್ಟೇನೂ ಇದ್ದಂತೆ ಕಾಣಲಿಲ್ಲ. "ಸೂಪರ್ ಅಂದ್ರೆ ಒಳ್ಳೇದು ಅಂದ್ಕೊಂಡೆ" ಅಂದಳು, ಅಷ್ಟೇ. ಇಂಟರ್‌ವ್ಯೂ ಏನಾಯ್ತು ಅಂತ ಕೇಳೋ ಧೈರ್ಯ ನನಗೆ ಬರಲಿಲ್ಲ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮಾಡಬಾರದು ಅಂತ ನಮಗೆ ಅನ್ನಿಸುವ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ ಅಂತ ಯಾರಾದರೂ ಕೇಳಿದರೆ, ಹೇಳಿಕೊಡಬೇಕೋ ಬೇಡವೋ? ಹೇಳಿಕೊಟ್ಟರೆ ನಾವೂ ಅದರಲ್ಲಿ ಪಾಲುದಾರರು. ಹೇಳಿಕೊಡದಿದ್ದರೆ? ಅವಳೇನು ಮನೆಗೆ ಹೋಗಿ ಸುಮ್ಮನೆ ಕೂತಳಾ?

ಸರಿಯಾದ ಉತ್ತರ ದೊಡ್ಡ ಗುಟ್ಟೇನಲ್ಲ. ಕೂದಲು ಕೆರಾಟಿನ್ ಅನ್ನೋ ಪ್ರೋಟೀನು. ಅದರೊಳಗೆ ಗಂಧಕದ ಕೊಂಡಿಗಳಿವೆ, ಸುರುಳಿಯನ್ನು ಹಿಡಿದಿಡುವುದು ಅವೇ. ರಿಲ್ಯಾಕ್ಸರ್ ಆ ಕೊಂಡಿಗಳನ್ನು ಮುರಿದು ಬೇರೆ ಥರ ಜೋಡಿಸುತ್ತೆ, ಮತ್ತೆ ಮೊದಲಿನಂತಾಗದ ಹಾಗೆ. ಹಳೆಯ ಬಗೆಯ ಕ್ರೀಮಿನಲ್ಲಿರೋದು ಕಾಸ್ಟಿಕ್ ಸೋಡಾ, ಕಟ್ಟಿಕೊಂಡ ಚರಂಡಿ ಪೈಪಿಗೆ ಸುರಿಯುತ್ತಾರಲ್ಲ, ಅದೇ. "ನೋ ಲೈ" ಅಂತ ಬರೆದ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ನಮ್ಮ ಎಲೆಅಡಿಕೆ ಸುಣ್ಣ. ಅದಕ್ಕೆ ಇನ್ನೊಂದು ದ್ರಾವಣ ಬೆರೆಸಿ ಹಚ್ಚಬೇಕು. ಇದು ನೆತ್ತಿಗೆ ಉರಿ ಕಡಿಮೆ, ಆದರೆ ಕೂದಲ ಮೇಲೆ ಸುಣ್ಣದಂಶ ಕೂತು ಒರಟಾಗುತ್ತೆ.

ಇನ್ನು ಬಲದ ಮಾತು. ಸುರುಳಿ ಎಷ್ಟು ಬಿಗಿ ಅಂತ ನೋಡಿ ಬಲ ಆರಿಸೋದು ಎಲ್ಲರೂ ಮಾಡುವ ತಪ್ಪು. ನೋಡಬೇಕಾದ್ದು ಎಳೆಯ ದಪ್ಪ. ಒಂದೇ ಒಂದು ಕೂದಲನ್ನು ಎರಡು ಬೆರಳ ನಡುವೆ ಉಜ್ಜಿ ನೋಡಿ. ಇದೆಯೋ ಇಲ್ಲವೋ ಅನ್ನಿಸಿದರೆ ಅದು ಸಣ್ಣೆಳೆ, ಅದಕ್ಕೆ ಮೈಲ್ಡ್. ಬಣ್ಣ ಹಾಕಿದ ಕೂದಲಿಗೂ ಮೈಲ್ಡೇ, ಹಾಕದಿದ್ದರೆ ಇನ್ನೂ ಒಳ್ಳೆಯದು. ನಡುವಿನದಕ್ಕೆ ನಾರ್ಮಲ್. ತಂತಿಯಂತೆ ಒರಟಾಗಿ ಕೈಗೆ ಸಿಕ್ಕರೆ ಮಾತ್ರ ಸೂಪರ್. ಎಷ್ಟೋ ಸಲ ಅತಿ ಬಿಗಿ ಸುರುಳಿಯ ಕೂದಲೇ ಅತಿ ಸಣ್ಣ ಎಳೆಯದಾಗಿರುತ್ತೆ. ಅದಕ್ಕೆ ಸೂಪರ್ ಹಚ್ಚಿದರೆ ಮುಗಿದೇಹೋಯಿತು. ಮೊದಲು ನಾಲ್ಕೆಳೆಗೆ ಹಚ್ಚಿ ನೋಡಬೇಕು. ಹಣೆಯಂಚಿಗೂ ಕಿವಿಗೂ ವ್ಯಾಸಲೀನ್ ಸವರಬೇಕು. ಹಿಂದಿನ ದಿನ ತಲೆ ಕೆರೆದುಕೊಂಡಿರಬಾರದು. ಎರಡು ತಿಂಗಳಾದ ಮೇಲೆ ಹೊಸದಾಗಿ ಬೆಳೆದ ಬುಡಕ್ಕೆ ಮಾತ್ರ ಹಚ್ಚಬೇಕು, ಹಳೆಯದರ ಮೇಲೆ ತಾಗಿಸಬಾರದು. ಪೂರ್ತಿ ಕಡ್ಡಿಯಂತೆ ಆಗುವ ಮೊದಲೇ, ಒಂಚೂರು ಅಲೆ ಉಳಿದಿರುವಾಗಲೇ ತೊಳೆಯಬೇಕು.

"ಕೂದಲು ಬೆಳೀತಾನೇ ಇಲ್ಲ" ಅಂತ ದೂರುವವರು ಬಹಳ. ಕೂದಲು ಬೆಳೆಯುತ್ತೆ, ಹೆಚ್ಚುಕಡಿಮೆ ತಿಂಗಳಿಗೆ ಅರ್ಧ ಇಂಚು. ಬೇರು ಇರೋದು ಚರ್ಮದ ಕೆಳಗೆ, ನೆತ್ತಿ ಸುಟ್ಟು ಕಲೆಗಟ್ಟದಿದ್ದರೆ ಅದರ ಪಾಡಿಗೆ ಅದು ಬೆಳೆಸುತ್ತಲೇ ಇರುತ್ತೆ. ಬೆಳೆದಷ್ಟೂ ತುದಿಯಲ್ಲಿ ಮುರಿದು ಹೋಗುತ್ತಿರುತ್ತೆ, ಅಷ್ಟೇ. ಉದ್ದ ಬೇಕು ಅಂದರೆ ಬೆಳೆಸೋದಲ್ಲ, ಕಳೆದುಕೊಳ್ಳದೆ ಇರೋದು.

ನಮ್ಮಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದದ್ದು ನೆನಪಾಗುತ್ತೆ. ಹೊಸ ಸುಣ್ಣ ಬಂದ ದಿನ ಉಗುರಿನ ತುದಿಯಲ್ಲಿ ಚುಕ್ಕಿಯಷ್ಟೇ. ಕಾಣುತ್ತೋ ಇಲ್ಲವೋ ಅನ್ನೋಷ್ಟು. ಬಾಯಿ ಕೆಂಪಾದರೆ ಸಾಕಲ್ಲ, ಸುಡೋದ್ಯಾಕೆ ಅನ್ನುತ್ತಿದ್ದಳು. ಇಷ್ಟನ್ನೂ ಆ ಹುಡುಗಿಗೆ ಐದು ನಿಮಿಷದಲ್ಲಿ ಹೇಳಬಹುದಿತ್ತು.

ಯಾಕೆ ಹೇಳಲಿಲ್ಲ? ಅವಳ ಪರವಾಗಿ ಮಾತಾಡುತ್ತಿದ್ದೇನೆ ಅಂತ ನನಗೆ ನಿಜವಾಗಿಯೂ ಅನ್ನಿಸಿತ್ತು. ಸ್ವಲ್ಪ ಓದಿಕೊಂಡಿದ್ದೆ ಕೂಡ. ಮಾಲ್ಕಂ ಎಕ್ಸ್ ಚಿಕ್ಕ ವಯಸ್ಸಿನಲ್ಲಿ ಕಾಸ್ಟಿಕ್ಕು, ಮೊಟ್ಟೆ, ಆಲೂಗಡ್ಡೆ ಕಲಸಿ ತಲೆಗೆ ಹಚ್ಚಿಸಿಕೊಂಡು ಬೆಂಕಿ ಬಿದ್ದಂತೆ ಒದ್ದಾಡಿದ್ದನ್ನೂ, ಮುಂದೆ ಅದನ್ನು ನಾಚಿಕೆಯಿಂದ ನೆನೆದದ್ದನ್ನೂ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆದರೆ ಮಾಲ್ಕಂ ಹೇಳಿದ್ದು ತಮ್ಮದೇ ತಲೆಯ ಬಗ್ಗೆ. ನಾನು ಹೇಳಿದ್ದು ಇನ್ನೊಬ್ಬಳ ತಲೆಯ ಬಗ್ಗೆ.

ನನ್ನದೇ ಒಂದು ಕತೆ ಇದೆ. ತಿಪಟೂರಿನಲ್ಲಿ ನನ್ನನ್ನು ನೋಡೋಕೆ ಗಂಡಿನ ಕಡೆಯವರು ಬರುವ ಹದಿನೈದು ದಿನ ಮೊದಲು ಚಿಕ್ಕಮ್ಮ ಬಿಳುಪಿನ ಕ್ರೀಮಿನ ಟ್ಯೂಬು ತಂದುಕೊಟ್ಟರು. ನಾನು ದಿನಕ್ಕೆರಡು ಸಲ ಮೆತ್ತಿಕೊಂಡೆ, ಸುಳ್ಳು ಯಾಕೆ ಹೇಳಲಿ. ಎದುರುಮನೆಯ ಮೇಷ್ಟರ ಹೆಂಡತಿ, ಹಾಲಿನ ಬಣ್ಣದವರು, "ಯಾಕೆ ಬೇಕಮ್ಮ ಇದೆಲ್ಲ, ಕಪ್ಪಾದ್ರೂ ಲಕ್ಷಣವಾಗಿದ್ದೀಯ" ಅಂದರು. ಪ್ರೀತಿಯಿಂದಲೇ ಅಂದದ್ದು. ಆ "ಆದ್ರೂ" ಇವತ್ತಿಗೂ ಚುಚ್ಚುತ್ತೆ. ನನ್ನ "ಹೀಗೇ ಚೆನ್ನಾಗಿದೆ" ಅನ್ನೋ ಮಾತಿನೊಳಗೂ ಅಂಥದ್ದೇ ಒಂದು "ಆದ್ರೂ" ಆ ಹುಡುಗಿಗೆ ಕೇಳಿಸಿರಬೇಕು.

ಅವಳ ಇಂಟರ್‌ವ್ಯೂ ಭಯ ಸುಮ್ಮನೆ ಹುಟ್ಟಿದ್ದಲ್ಲ. 2018ರ ಡಿಸೆಂಬರಿನಲ್ಲಿ ಇದೇ ನ್ಯೂಜೆರ್ಸಿಯಲ್ಲಿ ಹೈಸ್ಕೂಲಿನ ಒಬ್ಬ ಕುಸ್ತಿ ಹುಡುಗನಿಗೆ ರೆಫರಿ, ಜಡೆಗಟ್ಟಿದ ಕೂದಲು ಕತ್ತರಿಸು, ಇಲ್ಲಾಂದ್ರೆ ಪಂದ್ಯ ಬಿಡು ಅಂದರು. ಎಲ್ಲರೆದುರು ಕತ್ತರಿ ಆಡಿತು. ಮರುವರ್ಷ ಅದೇ ತಿಂಗಳು ಕೂದಲಿನ ಕಾರಣಕ್ಕೆ ಭೇದ ಮಾಡಬಾರದು ಅನ್ನೋ ಕ್ರೌನ್ ಕಾಯ್ದೆ ಇಲ್ಲಿ ಬಂತು. ಕ್ಯಾಲಿಫೋರ್ನಿಯಾದಲ್ಲಿ ಆ ಜುಲೈನಲ್ಲೇ ಬಂದಿತ್ತು. 2019ರ ತನಕ ಕಾಯಬೇಕಾಯಿತು ನೋಡಿ. ನೇರ ಕೂದಲು ಅವಳಿಗೆ ಶೋಕಿ ಅಲ್ಲದೆ ಇರಬಹುದು, ಕೊಡೆ ಇರಬಹುದು. ಮಳೆ ನಿಲ್ಲಿಸಲು ಕೈಲಾಗದ ನಾನು ಕೊಡೆ ಬೇಡ ಅನ್ನೋದು ಎಲ್ಲಿಯ ನ್ಯಾಯ?

ಹಾಗಂತ ಈಗ ನಾನು ಕೇಳಿದವರಿಗೆಲ್ಲ ಡಬ್ಬಿ ತೋರಿಸಿ ಕೈತೊಳೆದುಕೊಳ್ಳೋದಕ್ಕೂ ಆಗೋದಿಲ್ಲ. 2022ರ ಅಕ್ಟೋಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಬಂತು. 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಹನ್ನೊಂದು ವರ್ಷ ಗಮನಿಸಿದ್ದರು. ಕೂದಲು ನೇರ ಮಾಡುವ ರಾಸಾಯನಿಕಗಳನ್ನು ಬಳಸದವರಲ್ಲಿ 70 ವಯಸ್ಸಿನೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಂಭವ ನೂರಕ್ಕೆ 1.64, ವರ್ಷಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬಳಸಿದವರಲ್ಲಿ 4.05. ಯಾವ ಬ್ರ್ಯಾಂಡು, ಅದರಲ್ಲಿ ಏನಿತ್ತು ಅನ್ನೋದನ್ನು ಆ ಅಧ್ಯಯನ ಕೇಳಿರಲಿಲ್ಲ. ಅಂದರೆ ಮೈಲ್ಡ್ ಹಚ್ಚಿದರೆ ಈ ಅಪಾಯವೂ ಮೈಲ್ಡ್ ಅಂತ ನಾನು ಯಾರಿಗೂ ಹೇಳುವಂತಿಲ್ಲ. ಡಬ್ಬಿಯ ಮೇಲಿನ ಆ ಪದ ನೆತ್ತಿ ಮತ್ತು ಎಳೆಯ ಮಾತು ಮಾತ್ರ ಆಡುತ್ತೆ.

ಹಾಗಾಗಿ ಈಗ ಮೊದಲು ಕೇಳಿದ್ದಕ್ಕೆ ಉತ್ತರ, ಆಮೇಲೆ ಕೇಳದೇ ಇದ್ದದ್ದು. ಈ ಕ್ರಮ ತಿರುಗಿಸಿದರೆ ಯಾರೂ ಎರಡನೆಯದನ್ನು ಕೇಳಿಸಿಕೊಳ್ಳೋದಿಲ್ಲ ಅನ್ನೋದು ನನ್ನ ಅನುಭವ. ಆದರೂ ಎದುರಿಗೆ ನಿಂತವರು ಮಗುವಿಗಾಗಿ ಕೇಳಿದಾಗ ನನ್ನ ಕ್ರಮ ಕೆಟ್ಟುಹೋಗುತ್ತೆ.

ಹೋದ ಮಾರ್ಚಿನಲ್ಲಿ ಒಬ್ಬ ತಾಯಿ ಎಂಟೊಂಬತ್ತು ವರ್ಷದ ಮಗಳ ಕೈ ಹಿಡಿದುಕೊಂಡು ಬಂದರು. ಈಸ್ಟರಿಗೆ ಚರ್ಚಿಗೆ ಹೋಗಬೇಕು, ದಿನಾ ಬೆಳಿಗ್ಗೆ ತಲೆ ಬಾಚೋದ್ರಲ್ಲಿ ಇಬ್ಬರೂ ಅಳ್ತೀವಿ, ಮಕ್ಕಳ ಡಬ್ಬಿ ಇದೆಯಲ್ಲ, ಇದು ಸೌಮ್ಯ ತಾನೇ ಅಂತ ಕೇಳಿದರು. ಡಬ್ಬಿಯ ಮೇಲೆ ನಗುವ ಹುಡುಗಿಯ ಚಿತ್ರ. ನಾನು ಅದನ್ನು ತಿರುಗಿಸಿ ಹಿಂಭಾಗದ ಸಣ್ಣಕ್ಷರ ತೋರಿಸಿದೆ: ದೊಡ್ಡವರದ್ದರಲ್ಲಿ ಇರುವ ಸುಣ್ಣವೇ. ಅಧ್ಯಯನದ ಮಾತೂ ಹೇಳಿದೆ. ಹಚ್ಚಲೇಬೇಕು ಅಂದರೆ ಇನ್ನಷ್ಟು ವರ್ಷ ಕಾಯಿರಿ, ಅವಳೇ ಕೇಳಲಿ ಅಂದೆ. ಸಿಕ್ಕು ಬಿಡಿಸೋಕೆ ಒದ್ದೆ ಕೂದಲಿಗೆ ಕಂಡೀಷನರ್ ಹಾಕಿ, ತುದಿಯಿಂದ ಮೇಲಕ್ಕೆ, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಾಚೋದನ್ನು ಹೇಳಿದೆ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. "ಅದಕ್ಕೆ ಮುಕ್ಕಾಲು ಗಂಟೆ ಬೇಕು. ಆರಕ್ಕೆ ನನ್ನ ಬಸ್ಸು" ಅಂದರು. ನನ್ನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ.

ಅವರು ಡಬ್ಬಿ ಕೈಯಲ್ಲಿಟ್ಟುಕೊಂಡು ಯೋಚಿಸುತ್ತಾ ನಿಂತಿರುವಾಗ ಮಗು ಕೌಂಟರಿನ ಪಕ್ಕದಿಂದ ಬಂದು ನನ್ನ ಜಡೆಯ ತುದಿ ಮುಟ್ಟಿತು. ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿ "ಇಂಡಿಯನ್ ಹೇರ್" ಅಂತ ಕೂದಲ ಗೊಂಚಲು ತೂಗುಹಾಕಿರುತ್ತಾರೆ. ಅದರಲ್ಲಿ ಎಷ್ಟೋ ನಮ್ಮ ಕಡೆಯ ಹೆಂಗಸರು ತಿರುಪತಿಯಲ್ಲಿ ಮುಡಿ ಕೊಟ್ಟಿದ್ದು, ಹರಾಜಾಗಿ ಇಲ್ಲಿಯ ತನಕ ಬಂದದ್ದು ಇರಬಹುದು. ಅಜ್ಜಿಯೂ ಒಮ್ಮೆ ಕೊಟ್ಟಿದ್ದಳು.

"ಇದು ನಿನ್ನದೇನಾ, ಕೊಂಡ್ಕೊಂಡಿದ್ದಾ?" ಅಂತ ಮಗು ಕೇಳಿತು.

ಎಳೆದು ನೋಡು ಅಂದೆ. ಚೆನ್ನಾಗಿಯೇ ಎಳೆಯಿತು.