ಬೀಗದ ಕೈ ಯಾರ ಬಳಿ ಇರಬೇಕು?

ನಮ್ಮ ಬೀದಿಯಲ್ಲಿ ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಕಟ್ಟಡವೊಂದಿದೆ. ಅದರ ಮೂರನೆಯ ಮಹಡಿಯಲ್ಲಿ ಮಗ-ಸೊಸೆಯ ಜೊತೆ ಒಬ್ಬ ಅಜ್ಜಿ ಇದ್ದರು. ಮಂಡಿ ನೋವಿನಿಂದ ಮೆಟ್ಟಿಲಿಳಿಯುವುದು ನಿಂತುಹೋಗಿ ಎರಡು ವರ್ಷವಾಗಿತ್ತು. ಬಾಲ್ಕನಿಯಿಂದಲೇ ಸೊಪ್ಪಿನವಳೊಡನೆ ಚೌಕಾಶಿ ಮಾಡಿ, ಹಗ್ಗ ಕಟ್ಟಿದ ಬುಟ್ಟಿಯನ್ನು ಕೆಳಗಿಳಿಸುತ್ತಿದ್ದರು. ಮಗ ಒಳ್ಳೆಯವನು. ಔಷಧಿಗಾಗಲಿ ಊಟಕ್ಕಾಗಲಿ ಕೊರತೆ ಮಾಡಿದವನಲ್ಲ. ಆದರೂ ಒಂದು ದಿನ ಅಜ್ಜಿ, “ನೆಲಮಟ್ಟದಲ್ಲಿ ಒಂದು ಕೋಣೆ ಸಿಕ್ಕರೆ ನಾನೊಬ್ಬಳೇ ಇರುತ್ತೇನೆ” ಎಂದುಬಿಟ್ಟರು. ಅದನ್ನು ಕೇಳಿ ಮಗ ಅತ್ತ. ಜನ ಏನಂದಾರು ಎಂಬುದು ಅವನ ಮೊದಲ ಮಾತು.

ಅಜ್ಜಿ ಕೇಳಿದ್ದು ತಪ್ಪೇ? ಹೆತ್ತವರ ಸೇವೆಯ ಬಗ್ಗೆ ಜುಮಾ ಪ್ರವಚನದಲ್ಲೂ ಹರಿಕಥೆಯಲ್ಲೂ ನಾವು ಬೇಕಾದಷ್ಟು ಕೇಳಿದ್ದೇವೆ. ಅವೆಲ್ಲ ಮಕ್ಕಳನ್ನು ಕುರಿತ ಮಾತುಗಳು, ಇರಬೇಕಾದ ಮಾತುಗಳೇ. ಆದರೆ ಮಗನ ಕರ್ತವ್ಯದ ಬಗ್ಗೆ ಇಷ್ಟೆಲ್ಲ ಮಾತನಾಡುವ ನಾವು ತಾಯಿಯ ಇಷ್ಟವೇನೆಂದು ಕೇಳುವುದು ಅಪರೂಪ. ನಮ್ಮ ಕಣ್ಣಿಗೆ ಎರಡೇ ದಾರಿ ಕಾಣುತ್ತವೆ. ಒಂದು ಮಗನ ಮನೆ, ಇನ್ನೊಂದು ವೃದ್ಧಾಶ್ರಮ. ಮೊದಲನೆಯದು ಪುಣ್ಯ, ಎರಡನೆಯದು ಅವಮಾನ. ಇವುಗಳ ನಡುವೆ ಮೂರನೆಯದೊಂದು ಇರಬಹುದೆಂಬ ಯೋಚನೆಯೇ ನಮಗೆ ಬರುವುದಿಲ್ಲ.

ಅಮೆರಿಕದಲ್ಲಿ ಅಂಥ ಮೂರನೆಯ ದಾರಿಯನ್ನು 1959ರ ವಸತಿ ಕಾನೂನು ತೆರೆಯಿತು. ಅದರ 202ನೆಯ ಸೆಕ್ಷನ್‌ನ ಹೆಸರಿನಿಂದಲೇ ಆ ಯೋಜನೆಯನ್ನು ಇಂದಿಗೂ ಕರೆಯುತ್ತಾರೆ. ಲಾಭಕ್ಕಾಗಿ ಕೆಲಸ ಮಾಡದ ಸಂಸ್ಥೆಗಳಿಗೆ ಸರಕಾರ ಕಡಿಮೆ ಬಡ್ಡಿಯ ಸಾಲ ಕೊಟ್ಟು ವೃದ್ಧರಿಗಾಗಿ ಅಪಾರ್ಟ್‌ಮೆಂಟು ಕಟ್ಟಿಸಿತು. ಹಾಗೆ ಕಟ್ಟಿದವುಗಳಲ್ಲಿ ಧಾರ್ಮಿಕ ಸಂಸ್ಥೆಗಳೂ ಬಹಳ. ಇಂದು ಅಲ್ಲಿ ಸೇರಲು 62 ವರ್ಷವಾಗಿರಬೇಕು, ಆದಾಯ ತೀರಾ ಕಡಿಮೆ ಇರಬೇಕು. ಬಾಡಿಗೆ ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿದ ಆದಾಯದ ಶೇ. 30. ಉಳಿದದ್ದು ಸರಕಾರದ್ದು. ಆದಾಯದ ಇಂತಿಷ್ಟು ಪಾಲಿಗಿಂತ ಹೆಚ್ಚು ಬಾಡಿಗೆ ಕೇಳಬಾರದೆಂಬ ಮಿತಿಯನ್ನು ಸರಕಾರಿ ವಸತಿಗೆ ಮೊದಲು ತಂದದ್ದು 1969ರಲ್ಲಿ, ಎಡ್ವರ್ಡ್ ಬ್ರೂಕ್ ಎಂಬ ಕಪ್ಪು ಜನಾಂಗದ ಸೆನೆಟರ್. ಆಗ ಅದು ಶೇ. 25 ಇತ್ತು. 1981ರಲ್ಲಿ 30ಕ್ಕೆ ಏರಿಸಿದರು.

ಪುಕ್ಕಟೆ ಕೊಟ್ಟುಬಿಡಬಹುದಿತ್ತಲ್ಲ ಎನಿಸಬಹುದು. ನನಗೂ ಮೊದಲು ಹಾಗೆಯೇ ಅನಿಸಿತ್ತು. ಆದರೆ ಪುಕ್ಕಟೆ ಇರುವವನು ಆಶ್ರಿತ, ಬಾಡಿಗೆ ಕೊಡುವವನು ಬಾಡಿಗೆದಾರ. ಆಶ್ರಿತನು ಇಂದು ಅನ್ನಕ್ಕೆ ಉಪ್ಪು ಹೆಚ್ಚಾಯಿತು ಎನ್ನಲು ಹಿಂಜರಿಯುತ್ತಾನೆ. ಬಾಡಿಗೆದಾರನ ಕೈಯಲ್ಲಿ ಕರಾರು ಪತ್ರವಿದೆ. ನಲ್ಲಿ ಸೋರಿದರೆ ಜಗಳ ತೆಗೆಯುತ್ತಾನೆ, ತನ್ನ ಒಲೆಯಲ್ಲಿ ತನಗೆ ಬೇಕಾದದ್ದನ್ನು ಬೇಯಿಸುತ್ತಾನೆ, ರಾತ್ರಿ ಬಾಗಿಲಿಗೆ ತಾನೇ ಬೀಗ ಹಾಕುತ್ತಾನೆ. ದಾನ ಪಡೆದವನು ಕೃತಜ್ಞನಾಗಿರಬೇಕೆಂದು ನಾವು ನಿರೀಕ್ಷಿಸುತ್ತೇವೆ, ದಿನವಿಡೀ, ವರ್ಷವಿಡೀ. ಅದೂ ಒಂದು ಬಗೆಯ ಬಾಡಿಗೆಯೇ, ಮತ್ತು ಅದಕ್ಕೆ ಶೇ. 30ರ ಮಿತಿ ಇಲ್ಲ.

ಅಂಗವಿಕಲರ ಸಂಗತಿ ಇನ್ನೂ ಕಠಿಣ. ಎಡ್ ರಾಬರ್ಟ್ಸ್ ಎಂಬಾತ 14ರ ವಯಸ್ಸಿನಲ್ಲಿ ಪೋಲಿಯೋದಿಂದ ಕುತ್ತಿಗೆಯ ಕೆಳಗೆ ಬಹುಮಟ್ಟಿಗೆ ಚಲನೆ ಕಳೆದುಕೊಂಡವನು. ಉಸಿರಾಟಕ್ಕೆ ಕಬ್ಬಿಣದ ಪೆಟ್ಟಿಗೆಯಂಥ ಯಂತ್ರ ಬೇಕಿತ್ತು. 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದಾಗ ಯಾವ ಹಾಸ್ಟೆಲಿಗೂ ಆ ಯಂತ್ರ ಹೊಂದಲಿಲ್ಲ. ಅಲ್ಲಿನ ಆಸ್ಪತ್ರೆಯ ಒಂದು ಕೋಣೆಯೇ ಅವನ ಹಾಸ್ಟೆಲ್ ಆಯಿತು. 1972ರಲ್ಲಿ ಅವನೂ ಅವನ ಗೆಳೆಯರೂ ಸೇರಿ ಬರ್ಕ್ಲಿಯಲ್ಲಿ ಸ್ವತಂತ್ರ ಜೀವನ ಕೇಂದ್ರವನ್ನು ಕಟ್ಟಿದರು. ಸ್ವಾತಂತ್ರ್ಯವೆಂದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದಲ್ಲ ಎಂದು ಅವರು ತೋರಿಸಿದರು. ಅಂಗಿಯ ಗುಂಡಿಯನ್ನು ಇನ್ನೊಬ್ಬರೇ ಹಾಕಲಿ, ಯಾವ ಅಂಗಿ ಎಂಬುದನ್ನು ನಾನು ಹೇಳುತ್ತೇನೆ. ಸಮುದಾಯದಲ್ಲಿ ಬದುಕಬಲ್ಲವರನ್ನು, ಅವರಿಗೆ ವಿರೋಧವಿಲ್ಲದಿರುವಾಗಲೂ, ವಿನಾಕಾರಣ ಆಸ್ಪತ್ರೆ-ಆಶ್ರಯಗಳಲ್ಲಿ ಇರಿಸಿಕೊಳ್ಳುವುದು ಭೇದಭಾವವೆಂದು 1999ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಓಲ್ಮ್‌ಸ್ಟೆಡ್ ಪ್ರಕರಣದಲ್ಲಿ ಹೇಳಿತು.

ಅಲ್ಲಿ ಎಲ್ಲವೂ ಚೆನ್ನಾಗಿದೆ ಎಂದಲ್ಲ. ಸರದಿ ಪಟ್ಟಿಯಲ್ಲಿ ವರ್ಷಗಟ್ಟಲೆ ಕಾಯಬೇಕು. ಅದಕ್ಕಿಂತ ನನ್ನನ್ನು ಕಾಡಿದ್ದು ಬೇರೆ ಸಂಗತಿ. ಸರಕಾರಿ ವಸತಿಗಳಲ್ಲಿ ವೃದ್ಧರನ್ನೂ ಕಿರಿಯ ಅಂಗವಿಕಲರನ್ನೂ ಒಂದೇ ಕಟ್ಟಡದಲ್ಲಿ ಇರಿಸುತ್ತಿದ್ದರು. ಮನೋರೋಗವಿದ್ದ ಯುವಕರ ಬಗ್ಗೆ ವೃದ್ಧರಿಂದ ದೂರುಗಳು ಬಂದವು. 1992ರ ಕಾನೂನು, ಕಟ್ಟಡಗಳನ್ನು ವೃದ್ಧರಿಗೆ ಮಾತ್ರ ಮೀಸಲಿಡಲು ಅವಕಾಶ ಕೊಟ್ಟಿತು. ಅಂಗವಿಕಲರಿಗೆ ಅಷ್ಟು ಮನೆಗಳು ಕಡಿಮೆಯಾದವು. ಇಬ್ಬರೂ ದುರ್ಬಲರು, ಒಂದೇ ಬಾಗಿಲಿಗೆ ಇಬ್ಬರೂ ಪೈಪೋಟಿಗಿಳಿದರು. ಇಲ್ಲಿ ಯಾರ ಪರ ನಿಲ್ಲುವುದು? ಮನೆಗಳೇ ಸಾಲದಿರುವಾಗ ನ್ಯಾಯಾಧೀಶನಾಗುವುದು ಸುಲಭವಲ್ಲ.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. 2007ರ ಹಿರಿಯ ನಾಗರಿಕರ ಕಾನೂನು ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ವೃದ್ಧರಿಗೆ ಸ್ಥಳವಿರುವ ವೃದ್ಧಾಶ್ರಮದ ಮಾತಾಡುತ್ತದೆ. ಬಾಡಿಗೆಯ ಮನೆಯ ಮಾತನ್ನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು, ಯಾರನ್ನೂ ಇಂಥದೇ ವ್ಯವಸ್ಥೆಯಲ್ಲಿ ಬದುಕೆಂದು ಕಟ್ಟುಪಾಡು ಮಾಡುವಂತಿಲ್ಲ ಎನ್ನುತ್ತದೆ. ಸೊಗಸಾದ ಮಾತು. ಆದರೆ ಬುದ್ಧಿಮಾಂದ್ಯತೆಯುಳ್ಳ ನಲವತ್ತರ ಮಗನ ಪಕ್ಕದಲ್ಲಿ ಕೂತ ಎಪ್ಪತ್ತರ ತಂದೆಯನ್ನು ನೋಡಿ. “ನಾವು ಕಣ್ಣು ಮುಚ್ಚಿದ ಮೇಲೆ?” ಎಂಬ ಅವನ ಪ್ರಶ್ನೆಗೆ ಮಕ್ಕಳ ಕರ್ತವ್ಯದ ಯಾವ ಉಪದೇಶವೂ ಉತ್ತರವಾಗುವುದಿಲ್ಲ. ಮಕ್ಕಳೇ ಇಲ್ಲದವರಿಗೂ ಅಷ್ಟೆ.

ನಮ್ಮ ಅಜ್ಜಿಗೆ ಕೋಣೆ ಹುಡುಕಲು ನಾನೂ ಅಲೆದೆ. ಹೆಸರು ಕೇಳಿ ಬಾಗಿಲು ಮುಚ್ಚುವ ಮಾಲೀಕರ ಬಗ್ಗೆ ಇಲ್ಲಿ ಬೇಡ, ಅದಕ್ಕೆ ಬೇರೆಯೇ ಲೇಖನ ಬೇಕು. ಉಳಿದವರು, ಒಂಟಿ ಮುದುಕಿ, ರಾತ್ರಿ ಏನಾದರೂ ಆದರೆ ನಮಗೇಕೆ ಕಷ್ಟ ಎಂದರು. ಕೊನೆಗೆ ಅದೇ ಕಟ್ಟಡದ ನೆಲಮಟ್ಟದಲ್ಲಿದ್ದ ಟೈಲರ್ ಅಂಗಡಿ ಖಾಲಿಯಾಯಿತು. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದು ಮಗ. ಬಾಡಿಗೆಯಲ್ಲಿ ಅರ್ಧವೂ ಅವನದೇ. ತಿಂಗಳ ಐದನೆಯ ತಾರೀಕು ಅದನ್ನು ಎಣಿಸಿ ಮಾಲೀಕನ ಕೈಗಿಡುವುದು ಮಾತ್ರ ಅಜ್ಜಿ. ಸಂಜೆ ಮಗ ಚಹಾಕ್ಕೆಂದು ಕೆಳಗಿಳಿದು ಬರುತ್ತಾನೆ. ಬಾಗಿಲು ತಟ್ಟಿ, ಒಂದು ಕ್ಷಣ ಹೊರಗೆ ನಿಂತಿರುತ್ತಾನೆ.