ಮುಪ್ಪಿನ ಮೂಕಜೀವ ಮತ್ತು ಶ್ರಾವಕನ ಎಚ್ಚರ

ಶಾಸನಗಳಲ್ಲಿ ಕೊಪಣವೆಂದು ಹೆಸರಾದ ಕೊಪ್ಪಳವು ಜೈನರ ಪಾಲಿಗೆ ಮಹಾತೀರ್ಥ. ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದವರ ನಿಸಿಧಿಗಳು ಇಲ್ಲಿವೆ. ವರಾಂಗಚರಿತವನ್ನು ರಚಿಸಿದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಬಂಡೆಯಲ್ಲಿ ಕೆತ್ತಿಸಿದ ಗುರುತೂ ಇದೆ. ಮರಣವನ್ನು ಕುರಿತು ಇಷ್ಟು ಗಂಭೀರವಾಗಿ ಚಿಂತಿಸಿದ ನೆಲದಲ್ಲಿ ಒಂದು ಸಣ್ಣದೆಂದು ತೋರುವ ಪ್ರಶ್ನೆಯನ್ನೂ ಎತ್ತಬಹುದು. ಹತ್ತು ಹನ್ನೆರಡು ವರ್ಷ ಬಾಗಿಲು ಕಾಯ್ದ ನಾಯಿ ಈಗ ಏಳಲಾರದೆ ನರಳುತ್ತಿದೆ. ಒಂದು ಸೂಜಿಮದ್ದಿನಿಂದ ಅದರ ನೋವನ್ನು ಮುಗಿಸಬಹುದೆಂದು ವೈದ್ಯರು ಹೇಳುತ್ತಾರೆ. ಶ್ರಾವಕನು ಏನು ಮಾಡಬೇಕು?

ಬೇಡವೆಂಬ ಉತ್ತರ ಬಹುಪಾಲು ಮನೆಗಳಲ್ಲಿ ಕೂಡಲೇ ಬರುತ್ತದೆ, ಅದಕ್ಕೆ ಆಧಾರವೂ ಉಂಟು. ಸಲ್ಲೇಖನವು ಎಚ್ಚರವಿರುವ ಜೀವವು ಗುರುವಿನ ಅನುಮತಿ ಪಡೆದು, ಕ್ರಮಕ್ರಮವಾಗಿ, ಸ್ವ ಇಚ್ಛೆಯಿಂದ ಕೈಗೊಳ್ಳುವ ವ್ರತ. ಮೂಕಪ್ರಾಣಿಯ ಪರವಾಗಿ ಮತ್ತೊಬ್ಬರು ಆ ವ್ರತವನ್ನು ಹಿಡಿಯಲಾಗದು. ಆದರೆ ಸೂಜಿ ಬೇಡವೆಂದ ಮೇಲೆ ನಡೆಯುವುದೇನು? ನಾಯಿಯನ್ನು ಹಿತ್ತಲಿನ ಮೂಲೆಗೆ ಸರಿಸಿ, ಮುಂದೆ ಒಂದು ಬಟ್ಟಲು ಹಾಲಿಟ್ಟು, ಎಲ್ಲರೂ ಅದರ ಸಾವನ್ನು ಕಾಯುತ್ತಾರೆ. ಇದನ್ನು ಅಹಿಂಸೆಯೆಂದು ಕರೆಯುವುದು ತಮಗೆ ತಾವೇ ಹೇಳಿಕೊಳ್ಳುವ ಸಮಾಧಾನವಷ್ಟೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿ ಪ್ರಮಾದಕ್ಕೆ, ಎಂದರೆ ಅಜಾಗ್ರತೆಗೆ, ಮೊದಲ ಸ್ಥಾನ ಕೊಟ್ಟಿದೆ. ಅಹಿಂಸಾಣುವ್ರತದ ಐದು ಅತಿಚಾರಗಳನ್ನು ನೋಡಿದರೂ ಸಾಕು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವೆಲ್ಲವೂ ಮುಖ್ಯವಾಗಿ ನಮ್ಮ ವಶದಲ್ಲಿರುವ ಜೀವಿಗಳಿಗೆ ಸಂಬಂಧಿಸಿದವು. ಹಲ್ಲು ಕೊಳೆತು ವಸಡು ಬಾತ ಮುದಿ ನಾಯಿಯ ಮುಂದೆ ಒಣಗಿದ ಜೋಳದ ರೊಟ್ಟಿ ಹಾಕಿದರೆ, ತಟ್ಟೆ ತುಂಬಿದ್ದರೂ ಅದು ಹಸಿದೇ ಮಲಗುತ್ತದೆ. ತಡೆಯುವ ಉದ್ದೇಶವಿಲ್ಲದೆ ಅನ್ನವನ್ನು ತಡೆದಂತಾಯಿತು. ಬಾಯಿ ತೆರೆದು ನೋಡದಿದ್ದುದೇ ಇಲ್ಲಿನ ದೋಷ.

ಆ ನೋಡುವ ಕೆಲಸವನ್ನೇ ಪಶುವೈದ್ಯರು ಆರೋಗ್ಯ ತಪಾಸಣೆ ಎನ್ನುವುದು. ನಾಯಿಗೆ ಸುಮಾರು 7 ವರ್ಷ, ಬೆಕ್ಕಿಗೆ 10 ವರ್ಷ ದಾಟಿದರೆ ಮುಪ್ಪು ಬಂತೆಂದು ಲೆಕ್ಕ. ದೊಡ್ಡ ಜಾತಿಯ ನಾಯಿಗಳಿಗೆ ಇನ್ನೂ ಬೇಗ. ಆ ಬಳಿಕ 6 ತಿಂಗಳಿಗೊಮ್ಮೆ ತೂಕ, ಹಲ್ಲು, ಕಣ್ಣು, ಹೃದಯ, ಕೀಲುಗಳ ಪರೀಕ್ಷೆ, ಜೊತೆಗೆ ರಕ್ತ ಮತ್ತು ಮೂತ್ರದ ಪರೀಕ್ಷೆ ಅಗತ್ಯ. ಬೆಕ್ಕು ತನ್ನ ನೋವನ್ನು ಮರೆಸಿಕೊಳ್ಳುವ ಪ್ರಾಣಿ. ನೀರು ಹೆಚ್ಚು ಕುಡಿಯತೊಡಗಿದ್ದನ್ನು ಮನೆಯವರು ಬಿಸಿಲಿಗೆಂದುಕೊಳ್ಳುತ್ತಾರೆ, ಆದರೆ ಅದು ಮೂತ್ರಪಿಂಡದ ಕಾಯಿಲೆಯ ಮೊದಲ ಸೂಚನೆಯಾಗಿರಬಹುದು. ರಕ್ತದಲ್ಲಿ ಕ್ರಿಯಾಟಿನಿನ್ ಏರುವ ಹೊತ್ತಿಗೆ ಮೂತ್ರಪಿಂಡದ ಶಕ್ತಿ ಸುಮಾರು ಮುಕ್ಕಾಲು ಪಾಲು ಕುಂದಿರುತ್ತದೆ. ಮೂತ್ರ ಪರೀಕ್ಷೆ ಅದಕ್ಕೂ ಮೊದಲೇ ಎಚ್ಚರಿಸಬಲ್ಲದು. ವಯಸ್ಸಾದ ಹೆಣ್ಣುನಾಯಿಯ ಗರ್ಭಕೋಶದ ಕೀವು, ಮೊಲೆಯ ಗಡ್ಡೆ, ಉಣ್ಣೆಯಿಂದ ಬರುವ ಜ್ವರ ಇವೂ ಬೇಗ ಕಂಡರೆ ಚಿಕಿತ್ಸೆಗೆ ಒಗ್ಗುವಂಥವು. ಕನಿಕರದಿಂದ ಮನೆಯ ಮಾತ್ರೆ ಕೊಡುವುದು ಮಾತ್ರ ಕೂಡದು: ಮನುಷ್ಯರ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು.

ನಾಯಿ ಬೆಕ್ಕುಗಳನ್ನು ಸಾಕುವುದೇ ಶ್ರಾವಕನಿಗೆ ಸಲ್ಲದು, ಇನ್ನು ತಪಾಸಣೆಯ ಮಾತೇಕೆ ಎಂದು ಹಿರಿಯರು ಆಕ್ಷೇಪಿಸಬಹುದು. ಹೇಮಚಂದ್ರಾಚಾರ್ಯರ ಯೋಗಶಾಸ್ತ್ರವು ಬೆಕ್ಕು, ನಾಯಿ ಮೊದಲಾದವುಗಳನ್ನು ಧನಕ್ಕಾಗಿ ಪೋಷಿಸುವುದನ್ನು ಅಸತೀಪೋಷಣವೆಂದು ನಿಂದಿಸಿರುವುದು ನಿಜ. ಹಾಗಾದರೆ ಗಂಗಾವತಿಯ ಅಕ್ಕಿ ಗಿರಣಿಯ ಕಾವಲಿಗೆಂದು ಕಟ್ಟಿದ ನಾಯಿ, ಯಲಬುರ್ಗಿಯ ಕಾಳಿನ ಅಂಗಡಿಯಲ್ಲಿ ಇಲಿಗಳಿಗೆಂದು ಬಿಟ್ಟುಕೊಂಡ ಬೆಕ್ಕು ಯಾವ ಸಾಲಿಗೆ ಸೇರುತ್ತವೆ? ಅವುಗಳ ದುಡಿಮೆಯ ಲಾಭ ಉಂಡದ್ದು ಯಜಮಾನ. ಬೆಕ್ಕು ಕೊಂದ ಇಲಿಗಳ ಪಾಪದಲ್ಲಿಯೂ ಅವನಿಗೆ ಪಾಲುಂಟು. ಮುಪ್ಪಾದಾಗ ಆ ಜೀವವನ್ನು ಬೀದಿಗೆ ಬಿಟ್ಟು ಶಾಸ್ತ್ರವನ್ನು ಮುಂದೊಡ್ಡಿದರೆ ಒಂದು ದೋಷ ಎರಡಾಗುವುದೇ ಹೊರತು ಕಳೆಯುವುದಿಲ್ಲ.

ಆಹಾರದ ವಿಷಯ ಇದಕ್ಕಿಂತ ಕಠಿಣ. ನಾಯಿಯ ದೇಹ ಅನ್ನ, ಬೇಳೆ, ಮೊಸರುಗಳಿಗೆ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಬೆಕ್ಕಿನ ದೇಹ ಹಾಗಲ್ಲ. ಟಾರಿನ್ ಎಂಬ ಸತ್ತ್ವವನ್ನು ಅದು ಸಾಕಷ್ಟು ತಾನೇ ತಯಾರಿಸಿಕೊಳ್ಳಲಾರದು. ಅದು ಮಾಂಸದಲ್ಲಿರುವುದೇ ಹೊರತು ಧಾನ್ಯದಲ್ಲಿಲ್ಲ. ಹಾಲನ್ನದಲ್ಲಿಯೇ ಬೆಳೆದ ಬೆಕ್ಕು ಕಾಲಕ್ರಮದಲ್ಲಿ ಕುರುಡಾಗಬಹುದು, ಅದರ ಹೃದಯ ಹಿಗ್ಗಿ ದುರ್ಬಲವಾಗಬಹುದು. ಈ ಹೃದ್ರೋಗದ ಕಾರಣವನ್ನು 1987ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಕಾರ್ಖಾನೆಯಲ್ಲಿ ಕೃತಕವಾಗಿ ತಯಾರಾದ ಟಾರಿನ್ ಈಗ ದೊರೆಯುತ್ತದೆ. ಆದರೆ ಬೆಕ್ಕಿಗೆ ಬೇಕಾದುದು ಅದೊಂದೇ ಅಲ್ಲವಾದುದರಿಂದ ವೈದ್ಯರನ್ನು ಕೇಳಿಯೇ ಕೊಡತಕ್ಕದ್ದು. ಮಾಂಸವನ್ನು ಮನೆಗೆ ತರಲೊಲ್ಲದ, ಬೆಕ್ಕಿನ ಕಣ್ಣು ಹೋಗುವುದನ್ನೂ ನೋಡಲೊಲ್ಲದ ಕುಟುಂಬವು ಹೊಸ ಮರಿಯನ್ನು ತರುವ ಮೊದಲೇ ಇದನ್ನು ಯೋಚಿಸಬೇಕು. ತಂದಾದ ಮೇಲೆ ತಪಾಸಣೆಯೊಂದೇ ದಾರಿ.

ತಾಲ್ಲೂಕಿನ ಪಶು ಆಸ್ಪತ್ರೆಗಳಿಗೆ ದನ, ಎಮ್ಮೆ, ಕುರಿಗಳ ಕೆಲಸವೇ ಸಾಕಷ್ಟು. ಕುಷ್ಟಗಿ, ಯಲಬುರ್ಗಿ ಕಡೆಯ ಕುರಿಗಾಹಿಯ ನಾಯಿಗೆ ರಕ್ತ ಪರೀಕ್ಷೆ ದೂರದ ಮಾತು. ಬಸದಿಗಳ ಟ್ರಸ್ಟುಗಳು ಇಲ್ಲಿ ಕೈಜೋಡಿಸಬಹುದು. ದೆಹಲಿಯ ಲಾಲ್ ಮಂದಿರದ ಆವರಣದಲ್ಲಿ ಪಕ್ಷಿಗಳಿಗಾಗಿಯೇ ಜೈನ ಸಮಾಜ ನಡೆಸುವ ಆಸ್ಪತ್ರೆ ಉಂಟು. ಅಷ್ಟು ದೊಡ್ಡದು ಬೇಕಿಲ್ಲ. ಮಹಾವೀರ ಜಯಂತಿಗೊಮ್ಮೆ, ದೀಪಾವಳಿಗೊಮ್ಮೆ ಪಶುವೈದ್ಯರೊಬ್ಬರನ್ನು ಕರೆಸಿ, ಒಂದು ತಕ್ಕಡಿ ಇರಿಸಿ, ರಕ್ತದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುವ ವೆಚ್ಚ ಹೊತ್ತರೆ ಸಾಕು. ಔಷಧದಾನವು ನಾಲ್ಕು ದಾನಗಳಲ್ಲಿ ಒಂದೆಂಬುದನ್ನು ಟ್ರಸ್ಟಿಗಳಿಗೆ ನೆನಪಿಸಬೇಕಾಗಿಲ್ಲ.

ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿದ, ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿತು ಎಂಬ ಕಥೆಯನ್ನು ಜೈನ ಮಕ್ಕಳೆಲ್ಲ ಕೇಳಿದ್ದಾರೆ. ಆ ನಾಯಿ ಅವನದಲ್ಲ. ದಾರಿಯಲ್ಲಿ ಪೆಟ್ಟು ತಿಂದು ಬಿದ್ದದ್ದು, ಅವನಿಗೆ ದೊರೆತದ್ದು ಅದರ ಕೊನೆಯ ಗಳಿಗೆ ಮಾತ್ರ. ಮನೆಯ ನಾಯಿಯ ವಿಷಯದಲ್ಲಿ ಹತ್ತು ವರ್ಷಗಳು ಕೈಯಲ್ಲಿರುತ್ತವೆ. ಅಷ್ಟೆಲ್ಲ ನೋಡಿಕೊಂಡ ಬಳಿಕವೂ, ವೈದ್ಯರು ಕೊಟ್ಟ ನೋವು ನಿವಾರಕಕ್ಕೂ ಮಣಿಯದ ಯಾತನೆ ಕೆಲವು ಜೀವಗಳಿಗೆ ಉಳಿಯುತ್ತದೆ. ಆಗ ಸೂಜಿಗೆ ಒಪ್ಪಿದ ಕುಟುಂಬವು ಹಿಂಸೆ ಮಾಡಿಲ್ಲವೆಂದು ಹೇಳಲು ಬರುವುದಿಲ್ಲ. ಅವರು ಮುನಿಗಳ ಬಳಿ ಆಲೋಚನೆ ಮಾಡಿ ಪ್ರಾಯಶ್ಚಿತ್ತ ಪಡೆಯಲಿ. ಆದರೆ ಅವರ ಕಡೆಗೆ ಬೆರಳು ತೋರುವವನು, ತನ್ನ ಹಿತ್ತಲಲ್ಲಿ ಮಲಗಿದ ಮುದಿ ನಾಯಿಯ ಬಾಯಿಯನ್ನು ಕೊನೆಯ ಬಾರಿ ಯಾವಾಗ ತೆರೆದು ನೋಡಿದೆನೆಂದು ಮೊದಲು ಲೆಕ್ಕ ಹಾಕಿಕೊಳ್ಳಬೇಕಾಗುತ್ತದೆ.