ಆರಕ್ಕೊಂದು ಅಪಸ್ವರ

ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ನಮ್ಮ ಕಡೆ ಯಾರೂ ಒಡೆದು ನೋಡುವುದಿಲ್ಲ. ಅಟ್ಟದಿಂದ ಒಂದನ್ನು ಎತ್ತಿಕೊಂಡು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಒಳಗೆ ಕುಳುಕುಳು ಎಂದರೆ ಇನ್ನೂ ನೀರಿದೆ, ತಿಂಗಳುಗಟ್ಟಲೆ ಕಾಯಬೇಕು. ಸದ್ದೇ ಇಲ್ಲದಿದ್ದರೆ ನೀರು ಇಂಗಿದೆ, ತಿರುಳು ಚಿಪ್ಪು ಬಿಟ್ಟಿಲ್ಲ. ಗಡಗಡ ಎಂದರೆ ಗಿಟುಕು ಬಿಡಿಸಿಕೊಂಡಿದೆ, ಸುಲಿಸಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಅಜ್ಜಿಯರಿಗೂ ಈ ಮೂರು ಸದ್ದು ಗೊತ್ತು. ಇದು ನೆನಪಾಗಲು ಕಾರಣ ಮಾತ್ರ ಒಂದು ಹಳೆಯ ಸಿಂಥಸೈಜರ್.

ಅದು ಇದ್ದದ್ದೂ ಅಂಥದೇ ಒಂದು ಕೊಬ್ಬರಿ ಅಟ್ಟದಲ್ಲಿ, ತುರುವೇಕೆರೆ ಕಡೆಯ ನಮ್ಮ ನೆಂಟರ ಮನೆಯಲ್ಲಿ. 1980ರ ದಶಕದ ಜಪಾನಿ ಪೆಟ್ಟಿಗೆ. ಮನೆಯ ಹಿರಿಯರು ಆಗ ಆರ್ಕೆಸ್ಟ್ರಾ ಕಟ್ಟಿಕೊಂಡಿದ್ದರು. ಗಣಪತಿ ಪೆಂಡಾಲು, ಮದುವೆ ಆರತಕ್ಷತೆ, ಅದಿಲ್ಲದ ದಿನ ಊರೂರಿನ ಪೌರಾಣಿಕ ನಾಟಕ. ನಮ್ಮ ಜಿಲ್ಲೆಯಲ್ಲಿ ‘ಕುರುಕ್ಷೇತ್ರ’ ಆಡದ ಊರು ಕಡಿಮೆ. ಗುಬ್ಬಿ ವೀರಣ್ಣನವರು ಅದೇ ನಾಟಕಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದವರು. ಆನೆ ತರಲಾಗದ ಊರಿನವರು ಈ ಪೆಟ್ಟಿಗೆಯಿಂದ ಗುಡುಗು, ಗಾಳಿ, ಶಂಖ ಹೊರಡಿಸುತ್ತಿದ್ದರು. ಹಾರ್ಮೋನಿಯಂ ಮೇಷ್ಟರಿಗೆ ಮೊದಮೊದಲು ಇದನ್ನು ಕಂಡರಾಗುತ್ತಿರಲಿಲ್ಲವಂತೆ. ಭೀಮ ಗದೆ ಎತ್ತುವಾಗ ಗುಡುಗು ಸರಿಯಾಗಿ ಬಿದ್ದ ರಾತ್ರಿಯಿಂದ ಪಕ್ಕದಲ್ಲೇ ಕೂರಿಸಿಕೊಂಡರಂತೆ.

ಎಲೆಕ್ಟ್ರಾನಿಕ್ ನಾದ ನಮಗೇನೂ ದೂರದ್ದಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಮೆರಿಕದ ಡೇವಿಡ್ ಟ್ಯೂಡರ್ 1969ರಲ್ಲೇ ಮೂಗ್ ಸಿಂಥಸೈಜರ್ ತಂದು ಕೂರಿಸಿದ್ದರು. ಅದು ಕೆಲವೇ ವರ್ಷ ನುಡಿದು ಮೂಲೆ ಸೇರಿತು. ಬೆಂಗಳೂರಿನ ಎಂಜಿನಿಯರ್, ಕೊಳಲುವಾದಕ ಜಿ. ರಾಜ್ ನಾರಾಯಣ್ 1979ರಲ್ಲಿ ಹೊರತಂದ ಎಲೆಕ್ಟ್ರಾನಿಕ್ ತಂಬೂರಿಯ ಹಾದಿ ಬೇರೆಯಾಯಿತು. ಅದರ ಸಂತತಿ ಇವತ್ತಿಗೂ ಸಂಗೀತ ಪಾಠದ ಮನೆಗಳಲ್ಲಿ ಬೆಳಗಿನ ಜಾವ ಎದ್ದು ಕೂರುತ್ತದೆ. ನನ್ನ ಕೇಳಿದರೆ ಆ ಪುಟ್ಟ ಡಬ್ಬಿಯೇ ದೊಡ್ಡ ಸಾಧನೆ.

ನಮ್ಮ ಪೆಟ್ಟಿಗೆಗೆ ಬರೋಣ. ಮನೆಯ ಮೊಮ್ಮಗಳಿಗೆ ಅದು ನುಡಿಯಬೇಕಿತ್ತು. ಬೆಂಗಳೂರಿನ ಅಂಗಡಿಯೊಂದಕ್ಕೆ ಒಯ್ದರೆ, ತಳ ಬಿಚ್ಚದೆಯೇ, ‘ಬೋರ್ಡ್ ಹೋಗಿದೆ, ಬೋರ್ಡ್ ಸಿಗಲ್ಲ’ ಎಂದು ವಾಪಸು ಕಳಿಸಿದರು. ಕೊನೆಗೆ ತಿಪಟೂರಿನಲ್ಲಿ ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿಕೊಂಡು ಬಂದ, ಈಗ ಅಂಗಡಿ ಮುಚ್ಚಿ ಮನೆಯಲ್ಲಿರುವ ಹಿರಿಯರೊಬ್ಬರ ಮುಂದಿಟ್ಟೆವು. ಅವರು ಸಿಂಥಸೈಜರ್ ಬಿಚ್ಚಿದ್ದು ಅದೇ ಮೊದಲು. ‘ಕರೆಂಟ್ ಹರಿಯುವ ವಸ್ತು ತಾನೇ, ನೋಡೋಣ ಇಡಿ’ ಎಂದರು.

ಪ್ಲಗ್ ಹಾಕಲು ಬಿಡಲಿಲ್ಲ. ಮೊದಲು ತಳ ಬಿಚ್ಚಿದರು. ಮಸಿ, ತೆಂಗಿನ ನಾರು, ಒಂದು ಜಿರಳೆ ಸಂಸಾರ. ಅವುಗಳ ಕೆಳಗೆ ನಿಜವಾದ ಕಳ್ಳ ಕೂತಿದ್ದ: ಪೆನ್‌ಸೆಲ್ಲಿಗಿಂತ ಗಿಡ್ಡನೆಯ ಮೂರು ಸೆಲ್ಲುಗಳನ್ನು ಒಟ್ಟಿಗೆ ಸುತ್ತಿದಂಥ ನೀಲಿ ಬ್ಯಾಟರಿ. ಪೆಟ್ಟಿಗೆ ಆರಿಸಿದ ಮೇಲೂ ಧ್ವನಿಗಳ ಹೊಂದಾಣಿಕೆ ಮರೆಯದಿರಲಿ ಎಂದು ಇಟ್ಟದ್ದು. ನಿಕ್ಕೆಲ್ ಕ್ಯಾಡ್ಮಿಯಂ ಬ್ಯಾಟರಿ ವಯಸ್ಸಾದರೆ ಸೋರುತ್ತದೆ. ಸೋರುವುದು ಕ್ಷಾರ, ಅದು ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬೋರ್ಡಿನ ಮೇಲೆ ಅಂಗೈಯಗಲ ಹಸಿರು ಕಿಲುಬು. ಹಿರಿಯರು ಒಳಗೆ ಕೂಗಿ ಒಂದು ನಿಂಬೆಹಣ್ಣು ತರಿಸಿದರು. ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕುವ ಊರಿನಲ್ಲಿ ಇದೇನೂ ವಿಶೇಷವಲ್ಲ, ಆದರೂ ಹಲ್ಲುಜ್ಜುವ ಬ್ರಷ್ಷಿನಲ್ಲಿ ನಿಂಬೆರಸ ಹಚ್ಚಿ ಸರ್ಕೀಟು ಉಜ್ಜುವುದನ್ನು ನಾನು ಕಂಡಿರಲಿಲ್ಲ. ಆಮೇಲೆ ಸ್ಪಿರಿಟ್ಟಿನಲ್ಲಿ ತೊಳೆದು, ಒಂದು ದಿನ ನೆರಳಲ್ಲಿ ಒಣಗಿಸಿ, ತಿಂದುಹೋದ ನಾಲ್ಕು ಗೆರೆಗಳ ಮೇಲೆ ಕೂದಲೆಳೆಯ ತಂತಿ ಬೆಸೆದರು.

ಎರಡನೆಯ ದಿನ ಪವರ್ ಸಪ್ಲೈ. ಅದು ಪ್ಲಸ್ 15, ಮೈನಸ್ 15 ವೋಲ್ಟ್ ಕೊಡಬೇಕು. ಮೈನಸ್ ಕಡೆ 11ಕ್ಕೆ ಇಳಿದಿತ್ತು, ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು. ಮನೆಯ ಕರೆಂಟು ಸೆಕೆಂಡಿಗೆ 50 ಸಲ ಆಡುತ್ತದೆ, ಡಯೋಡು ದಾಟುವಾಗ ಆ ಏರಿಳಿತ ನೂರಾಗುತ್ತದೆ. ಅದನ್ನು ಸಮಮಾಡುವುದು ಕೆಪಾಸಿಟರ್ ಕೆಲಸ. ಕೆಪಾಸಿಟರ್ ಸೋತರೆ ಆ ನೂರು ನೇರ ಕಿವಿಗೇ ಬರುತ್ತದೆ. ಹಳೆಯ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಳಗೆ ಒಂದು ದ್ರವ ಇರುತ್ತದೆ, ವರ್ಷ ಕಳೆದಂತೆ ಇಂಗುತ್ತದೆ. ಒಂದೇ ಅಟ್ಟದಲ್ಲಿ ಕಾಯಿಯ ನೀರು ಇಂಗಿ ರೊಕ್ಕವಾಗಿತ್ತು, ಕೆಪಾಸಿಟರಿನ ನೀರು ಇಂಗಿ ರಗಳೆಯಾಗಿತ್ತು. ಹೊಸವು ಹಾಕಿದ ಮೇಲೆ ವೋಲ್ಟೇಜು ನೆಟ್ಟಗಾಯಿತು, ಗುಂಯ್ ನಿಂತಿತು. ಕೀಲಿಗಳಡಿಯ ಮಸಿ ಒರೆಸಿದ್ದಕ್ಕೆ ಒಂದು ಗಂಟೆ.

ಪೆಟ್ಟಿಗೆ ನುಡಿಯಿತು. ಆದರೆ ಹುಡುಗಿ ಪಾಠ ಒಪ್ಪಿಸಲು ಕೂತಾಗ ನಡುನಡುವೆ ಎಲ್ಲೋ ಒಂದು ಸ್ವರ ಹುಳಿಯಾಗುತ್ತಿತ್ತು. ಒಮ್ಮೆ ಗಾಂಧಾರ, ಇನ್ನೊಮ್ಮೆ ಪಂಚಮ. ಕೀಲಿಯ ತಪ್ಪೆಂದರೆ ಅದೇ ಕೀಲಿ ಮುಂದಿನ ಸಲ ಸರಿ. ಹಿರಿಯರು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, ‘ಎಲ್ಲ ಬಿಡು, ಷಡ್ಜ ಒಂದನ್ನೇ ಒತ್ತುತ್ತಾ ಇರು’ ಎಂದರು. ಒಂದು, ಎರಡು, ಮೂರು ಎಂದು ಬೆರಳು ಮಡಿಸಿದರು. ಪ್ರತಿ ಆರನೆಯ ಸಲ ಅಪಸ್ವರ.

ಅಲ್ಲಿಗೆ ಅರ್ಧ ಕೆಲಸ ಮುಗಿದಿತ್ತು. ಈ ಜಾತಿಯ ಸಿಂಥಸೈಜರಿನೊಳಗೆ ಆರು ಜನ ಹಾಡುಗಾರರು ಇದ್ದ ಹಾಗೆ. ಪ್ರತಿಯೊಬ್ಬರಿಗೂ ಒರಟು ನಾದ ಹುಟ್ಟಿಸುವ ಆಸಿಲೇಟರ್, ಅದನ್ನು ಹದಮಾಡುವ ಫಿಲ್ಟರ್, ಏರಿಸಿ ಇಳಿಸುವ ಆಂಪ್ಲಿಫೈಯರ್ ಬೇರೆ ಬೇರೆ. ಒತ್ತಿದ ಸ್ವರಗಳನ್ನು ಯಂತ್ರ ಸರದಿಯಂತೆ ಒಬ್ಬೊಬ್ಬರಿಗೆ ಹಂಚುತ್ತದೆ. ಆರರಲ್ಲಿ ಒಬ್ಬರಿಗೆ ಶ್ರುತಿ ತಪ್ಪಿತ್ತು. ಒಂದು ವೋಲ್ಟಿಗೆ ಒಂದು ಸ್ಥಾಯಿ ಎಂಬ ಲೆಕ್ಕದಲ್ಲಿ ಒಂದು ಸ್ವರಸ್ಥಾನಕ್ಕೂ ಮುಂದಿನದಕ್ಕೂ ಇರುವ ಅಂತರ ಸುಮಾರು 83 ಮಿಲಿವೋಲ್ಟ್. ಅದರಲ್ಲಿ ಹತ್ತು ಮಿಲಿವೋಲ್ಟ್ ಅತ್ತಿತ್ತ ಸರಿದರೂ ಸಂಗೀತ ಕಲಿತ ಕಿವಿಗೆ ಚುಚ್ಚುತ್ತದೆ.

ಹಿರಿಯರು ಎದ್ದು ಹೋಗಿ ಅಂಗಳದ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತುಕೊಂಡು ಬಂದರು. ಒಣಗಿದ ಕಡ್ಡಿ, ಕರೆಂಟು ಹರಿಯುವುದಿಲ್ಲ, ತುದಿ ಸೂಜಿಯಷ್ಟು ಸಣ್ಣ. ಹುಡುಗಿ ಷಡ್ಜ ಹಿಡಿದಿದ್ದಳು, ಇವರು ಆ ಕಡ್ಡಿಯಿಂದ ಆರನೆಯ ಆಸಿಲೇಟರಿನ ಒಂದೊಂದೇ ಬಿಡಿಭಾಗವನ್ನು ಮೆಲ್ಲಗೆ ಒತ್ತುತ್ತಾ ಹೋದರು. ಇದಲ್ಲ, ಇದಲ್ಲ. ಶ್ರುತಿ ಹೊಂದಿಸಲು ತಿರುಗಿಸುವ, ಕಡಲೆಕಾಳಿನಷ್ಟು ನೀಲಿ ಟ್ರಿಮ್ಮರಿನ ಒಂದು ಕಾಲನ್ನು ಮುಟ್ಟಿದಾಗ ಸ್ವರ ಚಕ್ಕನೆ ಮೇಲೆದ್ದು ಸರಿಯಾಗಿ ಕೂತಿತು. ಬಿಟ್ಟರೆ ಮತ್ತೆ ಜಾರಿತು. ಬೋರ್ಡು ತಿರುಗಿಸಿ ಭೂತಗನ್ನಡಿಯಲ್ಲಿ ನೋಡಿದರೆ ಆ ಕಾಲಿನ ಸುತ್ತ ಬೆಸುಗೆಯಲ್ಲಿ ಉಂಗುರದಂಥ ಬಿರುಕು. ಕಾದು, ಆರಿ, ಟೆಂಪೋದಲ್ಲಿ ಊರೂರು ಕುಲುಕಿ ಬಿಟ್ಟ ಬಿರುಕು.

‘ಬೆಸೆಯೋಕೆ ಹತ್ತು ಸೆಕೆಂಡು. ಎಲ್ಲಿ ಬೆಸೀಬೇಕು ಅನ್ನೋಕೆ ಮೂರು ದಿನ’ ಎಂದು ನಕ್ಕರು.

ಶ್ರುತಿ ಕೂಡಿಸುವ ಮುನ್ನ ಅರ್ಧ ಗಂಟೆ ಪೆಟ್ಟಿಗೆಯನ್ನು ಸುಮ್ಮನೆ ಉರಿಯಲು ಬಿಟ್ಟರು. ಅನಲಾಗ್ ಆಸಿಲೇಟರಿನ ಟ್ರಾನ್ಸಿಸ್ಟರುಗಳಿಗೆ ಬಿಸಿ ತಂಪು ತಾಗಿದರೆ ಸ್ವರ ಸರಿಯುತ್ತದೆ. ಸಂಜೆ ಆರಕ್ಕೆ ಕೂಡಿಸಿದ್ದು ನಡುರಾತ್ರಿಯ ಇಬ್ಬನಿಯಲ್ಲಿ ಯಾಕೆ ಕೆಡುತ್ತಿತ್ತು ಎಂದು ನಮ್ಮ ನೆಂಟರಿಗೆ ನಲವತ್ತು ವರ್ಷದ ಮೇಲೆ ತಿಳಿಯಿತು. ಅಷ್ಟು ವರ್ಷ ಅವರು ಕ್ಲಾರಿಯೊನೆಟ್ಟಿನವನನ್ನು ಬೈದುಕೊಂಡಿದ್ದರು. ಮೀಟರು ಬದಿಗಿಟ್ಟು ಎರಡು ಧ್ವನಿಗಳನ್ನು ಒಟ್ಟಿಗೆ ನುಡಿಸಿದರು. ನಡುವೆ ವ್ಹಾಂವ್ ವ್ಹಾಂವ್ ಎಂದು ಅಲೆ ಏಳುತ್ತದೆ. ಟ್ರಿಮ್ಮರ್ ತಿರುಗಿಸಿದಂತೆ ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇಬಿಡುತ್ತದೆ. ತಂಬೂರಿಯ ತಂತಿ ಕೂಡಿಸುವವರು ಕೇಳುವುದೂ ಇದನ್ನೇ.

ಬಿಡಿಭಾಗಗಳ ಖರ್ಚು ಇನ್ನೂರು ರೂಪಾಯಿ ಮುಟ್ಟಲಿಲ್ಲ. ಕೂಲಿ ಕೇಳಿದರೆ ಎರಡು ಗಿಟುಕು ಸಾಕೆಂದರು. ಚೀಲದಿಂದ ಆರಿಸುವಾಗ ಒಂದೊಂದನ್ನೂ ಉಗುರಿನಿಂದ ತಟ್ಟಿ, ಕಿವಿಗೊಟ್ಟು ಕೇಳಿ ತೆಗೆದುಕೊಂಡರು.

ಇಂಥ ಪೆಟ್ಟಿಗೆ ನಿಮ್ಮ ಅಟ್ಟದಲ್ಲೂ ಇರಬಹುದು. ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಮೊದಲು ತಳ ಬಿಚ್ಚಿಸಿ ಆ ನೀಲಿ ಬ್ಯಾಟರಿಯನ್ನು ಹೊರಗೆ ತೆಗೆಸಿ.